ದೊಡ್ಡಮ್ಮನ ಮನೆಗೆ ಹೋದವರು

ಪುಟ್ಟಿ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದಳು. ಬೆಳಿಗ್ಗೆ ಬೇಗ ಬಂದು ತಾನೇ ಸಾಲುಸಾಲಾಗಿ ಹಾಕಿದ್ದ ಕುರ್ಚಿಗಳು. ಕೊನೆಯ ಸಾಲು ಮುಗಿಸಿ ಅದರ ಮುಂದಿನದಕ್ಕೆ ಕೈ ಹಾಕುವಷ್ಟರಲ್ಲಿ, ಅಮ್ಮನ ಶವಪೆಟ್ಟಿಗೆಯ ಪಕ್ಕ ಕೂತಿದ್ದ ಚಿಕ್ಕಮ್ಮ ತಿರುಗಿ ನೋಡಿದಳು.

"ಅದ್ಯಾಕೆ ತೆಗೀತಿದ್ದೀಯೇ?"

"ಖಾಲಿ ಕುರ್ಚಿ ನೋಡೋಕಾಗ್ತಿಲ್ಲ ಚಿಕ್ಕಮ್ಮ."

"ಏನಂದೆ?"

"ಕುರ್ಚಿ ಜಾಸ್ತಿ ಆಯ್ತು ಅಂದೆ!"

ಚಿಕ್ಕಮ್ಮನಿಗೆ ಕಿವಿ ಮಂದ, ನಾಲಿಗೆ ಮಾತ್ರ ಇನ್ನೂ ಚುರುಕು. "ಕುರ್ಚಿ ಜಾಸ್ತಿ ಆಗಿಲ್ಲ, ಜನ ಕಮ್ಮಿ ಆಗಿದಾರೆ," ಎಂದು ಇಡೀ ಸಭಾಭವನಕ್ಕೆ ಕೇಳುವಂತೆ ಹೇಳಿ, ಅಕ್ಕನ ಪೆಟ್ಟಿಗೆಯ ಕಡೆಗೆ ತಿರುಗಿ ಕೂತಳು.

ಅಣ್ಣನ ವಿಮಾ ಕಚೇರಿಯಿಂದ ಬಂದಿದ್ದ ಇಬ್ಬರು ತಲೆ ತಗ್ಗಿಸಿದರು. ಅವರಲ್ಲದೆ ಅಣ್ಣ, ಅತ್ತಿಗೆ, ಪುಟ್ಟಿಯ ಹೊಲಿಗೆ ಅಂಗಡಿಯ ಪಕ್ಕದ ಮನೆಯಾಕೆ. ಮುಗಿಯಿತು. ಅಮ್ಮನ ಕೊನೆಯ ದಿನಕ್ಕೆ ಸೇರಿದ್ದು ಅಷ್ಟೇ ಜನ. ಊರಿನ ಅರ್ಧ ಗಂಡಸರಿಗೆ ಗ್ಲಾಸು ತುಂಬಿಸಿಕೊಟ್ಟ ಹೆಂಗಸು ಅವಳು. ಅವರ ಜಗಳ ಬಿಡಿಸಿದ್ದಳು, ಅವರ ಹೆಂಡತಿಯರಿಗೆ ಸಮಾಧಾನ ಹೇಳಿದ್ದಳು, ಅವರಲ್ಲಿ ಕೆಲವರ ಮದುವೆಯನ್ನೂ ನಿಂತು ಮಾಡಿಸಿದ್ದಳು. ಈಗ ಪುಟ್ಟಿ ಹೊಲಿದ ನೀಲಿ ಉಡುಪು ತೊಟ್ಟು, ತುಟಿ ಬಿಗಿದುಕೊಂಡು ಮಲಗಿದ್ದಳು. ತುಟಿ ಬಿಗಿದುಕೊಳ್ಳುವುದು ಅಮ್ಮನ ಜಾಯಮಾನವೇ ಅಲ್ಲ.

ಪುಟ್ಟಿ ಈ ಸಭಾಭವನವನ್ನೇ ಹುಡುಕಿ ಹಿಡಿದಿದ್ದಳು. ಅವಳ ಮನೆ ಊರಿನ ಇನ್ನೊಂದು ಕಡೆ. ತಾನು ನಡೆಸುತ್ತಿದ್ದ ಬಾರು ಹೋದ ಮೇಲೆ ಅಮ್ಮ ಅಲ್ಲಿಗೇ ಬಂದು ಸೇರಿದ್ದಳು. ಮೊದಮೊದಲು ವಾರಕ್ಕೊಮ್ಮೆ ಬಸ್ಸು ಹತ್ತಿ ಈ ಬೀದಿಗೆ ಬಂದು ಎಲ್ಲರನ್ನೂ ಮಾತಾಡಿಸಿ ಹೋಗುತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ಅದೂ ನಿಂತಿತು. ಆದರೂ ಅವಳ ಜನ ಇದ್ದದ್ದು ಇಲ್ಲಿಯೇ. ಬೀದಿಯ ಈ ತುದಿಗೆ ಸಭಾಭವನ, ಆ ತುದಿಗೆ ಸ್ಮಶಾನ, ನಡುವಿನ ಮೂಲೆಯಲ್ಲಿ ಅಮ್ಮನ ಬಾರು ಇದ್ದ ಜಾಗ. ಇಲ್ಲಿಟ್ಟರೆ ಬೀದಿಗೆ ಬೀದಿಯೇ ಬರುತ್ತದೆ, ಕುರ್ಚಿ ಸಾಲದೆ ಹೋದೀತು ಎಂದು ಪುಟ್ಟಿ ಎದೆ ತಟ್ಟಿಕೊಂಡು ಹೇಳಿದ್ದಳು.

"ಪೇಪರ್‌ನಲ್ಲಿ ಹಾಕ್ಸಿದೀವಲ್ಲ," ಎಂದ ಅಣ್ಣ, ಹತ್ತಿರ ಬಂದು ಮೆಲ್ಲಗೆ. "ನಿನ್ನೇನೂ ಬಂದಿತ್ತು, ಇವತ್ತೂ ಬಂದಿದೆ. ಬರೋರು ಬರ್ತಾರೆ ಬಿಡು. ಬಾರು ಹೋಗಿ ಎಷ್ಟು ಕಾಲ ಆಯ್ತು? ಜನ ಮರೀತಾರೆ ಕಣೇ."

"ಅಮ್ಮನ್ನ ಮರೀತಾರಾ?"

ಅಣ್ಣ ಕನ್ನಡಕ ತೆಗೆದು ಒರೆಸತೊಡಗಿದ. ಒಳ್ಳೆಯವನೇ, ಆದರೆ ಉತ್ತರ ಕೊಡಬೇಕಾದಲ್ಲೆಲ್ಲ ಕನ್ನಡಕ ಒರೆಸುವ ಚಾಳಿ.

ಅದೇ ಹೊತ್ತಿಗೆ ಶವದ ಗಾಡಿಯವನು ಬೂಟಿನ ಮಣ್ಣು ಕೊಡವುತ್ತಾ ಒಳಗೆ ಬಂದ. "ಸಾರ್, ಒಂದು ತೊಂದರೆ ಆಗಿದೆ. ಮುಂದೆ ರಸ್ತೆ ಅಗೆದುಬಿಟ್ಟಿದಾರೆ, ಚರಂಡಿ ಪೈಪಿಗೆ. ಗಾಡಿ ಹೋಗಲ್ಲ. ಸುತ್ತು ಹಾಕ್ಕೊಂಡು ಹೋಗೋಣ ಅಂದ್ರೆ ಆ ಕಡೆ ಸ್ಮಶಾನದ ಗೇಟಲ್ಲಿ ಗಾಡಿ ಹಿಡಿಸಲ್ಲ. ಇಲ್ಲಿಂದ ಹೊತ್ಕೊಂಡೇ ಹೋಗಬೇಕು." ಅವನು ಸಭಾಭವನದ ತುಂಬ ಕಣ್ಣಾಡಿಸಿದ. ಸೊಂಟನೋವಿಗೆ ಅಣ್ಣ ಕಟ್ಟಿಕೊಂಡಿದ್ದ ಪಟ್ಟಿ ನೋಡಿದ, ಕಚೇರಿಯವರ ಕೋಲುಕೈ ನೋಡಿದ, ಪೆಟ್ಟಿಗೆಯ ಅಗಲ ನೋಡಿದ. "ಹೆಗಲು ಕೊಡೋರು ಯಾರು ಸಾರ್?"

ಅಮ್ಮ ಸಣ್ಣ ಆಳಲ್ಲ. ಗಲ್ಲಾದ ಹಿಂದೆ ನಿಂತರೆ ಹಿಂದಿನ ಬಾಟಲಿಗಳು ಕಾಣುತ್ತಿರಲಿಲ್ಲ.

"ನಮ್ಮ ಆಫೀಸಿಗೆ ಹೇಳಿದ್ರೆ ಮಧ್ಯಾಹ್ನದ ಮೇಲೆ ಆಳು ಕಳಿಸ್ತಾರೆ," ಎಂದ ಗಾಡಿಯವನು. "ಅದಕ್ಕೇ ಅಂತ ಇರೋರು. ಒಳ್ಳೆ ಹುಡುಗರು, ಸಮವಸ್ತ್ರ ಎಲ್ಲ ಇದೆ."

ಅಣ್ಣ ತಲೆ ಆಡಿಸಿದ. "ಹಾಗೇ ಮಾಡೋಣ. ಏನಂತೀಯ ಪುಟ್ಟಿ?"

ಪುಟ್ಟಿಗೆ ಅಳು ಬರಬೇಕಾಗಿತ್ತು, ಬಂದದ್ದು ಸಿಟ್ಟು. ಕೈಯಲ್ಲಿದ್ದ ಕುರ್ಚಿಯನ್ನು ದಡಾರನೆ ಬಿಚ್ಚಿ ನೆಲಕ್ಕೆ ಹಾಕಿದಳು. "ಅಮ್ಮನಿಗೆ ಬಾಡಿಗೆ ಹೆಗಲಾ? ನಾನು ಹೋಗಿ ಜನ ಕರ್ಕೊಂಡು ಬರ್ತೀನಿ. ಬರೋವರೆಗೂ ಅವಳನ್ನ ಯಾರೂ ಮುಟ್ಟಬೇಡಿ."

"ಎಲ್ಲಿಂದ ಕರ್ಕೊಂಡು ಬರ್ತೀಯೇ?"

"ಎಲ್ಲಿದಾರೋ ಅಲ್ಲಿಂದ," ಎಂದು ಪುಟ್ಟಿ ಮೆಟ್ಟಿಲಿಳಿದಳು. ಮರೆತಿದ್ದರೆ, ಮರೆತೆವು ಎಂದು ಅವರೇ ಅವಳ ಮುಖ ನೋಡಿ ಹೇಳಲಿ. ಅಷ್ಟು ಕೇಳಿಯಾದರೂ ಬರಬೇಕು ಎನಿಸಿತು.

* * *

ಅಮ್ಮನ ಬಾರಿಗೆ ಹೆಸರು ಇರಲಿಲ್ಲವೆಂದಲ್ಲ. ಬಾಗಿಲ ಮೇಲೆ ಹಸಿರು ಹಲಗೆಯಲ್ಲಿ 'ವಿಶ್ರಾಂತಿ ಪಾನಗೃಹ' ಎಂದು ಅಪ್ಪ ಬರೆಸಿ ಹಾಕಿದ್ದ. ಬರೆಸಿದ್ದೊಂದೇ ಭಾಗ್ಯ, ಅದರ ಕೆಳಗೆ ಹೆಚ್ಚು ದಿನ ನಿಲ್ಲುವ ಯೋಗ ಅವನಿಗಿರಲಿಲ್ಲ. ಅವನು ಹೋದ ಮೇಲೆ ಅಮ್ಮ ಇಬ್ಬರು ಮಕ್ಕಳನ್ನು ಮಹಡಿಯ ಮೇಲೆ ಮಲಗಿಸಿ, ಉಡುಪಿನ ತೋಳು ಮೇಲಕ್ಕೆ ಮಡಚಿಕೊಂಡು ಗಲ್ಲಾದ ಹಿಂದೆ ಬಂದು ನಿಂತಳು. ಹೆಂಗಸು ಬಾರು ನಡೆಸುವುದುಂಟೆ, ಇವತ್ತೋ ನಾಳೆಯೋ ಬೀಗ ಬೀಳುತ್ತದೆ ಎಂದು ಬೀದಿಯವರು ಮಾತಾಡಿಕೊಂಡರು. ಮಾತಾಡಿಕೊಳ್ಳಲು ಅವರು ಸೇರುತ್ತಿದ್ದದ್ದೂ ಅದೇ ಬಾರಿನಲ್ಲಿ.

ಗಂಡಸರು ಮನೆಯಿಂದ ಹೊರಡುವಾಗ ಬಾರಿಗೆ ಹೋಗುತ್ತೇನೆ ಎನ್ನುತ್ತಾರೆಯೆ? ಯಾರೋ ಒಬ್ಬ ಜಾಣ "ದೊಡ್ಡಮ್ಮನ ಮನೆಗೆ ಹೋಗಿ ಬರ್ತೀನಿ" ಎಂದ. ಅದು ಎಲ್ಲರಿಗೂ ಹಿಡಿಸಿತು. ಸಂಜೆಯಾದರೆ ಸಾಕು, ಬೀದಿಯ ಗಂಡಸರಿಗೆಲ್ಲ ತಮ್ಮ ತಮ್ಮ ದೊಡ್ಡಮ್ಮನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತಿತ್ತು. ಇಷ್ಟು ಮನೆಗೆಲ್ಲ ಒಬ್ಬಳೇ ದೊಡ್ಡಮ್ಮ ಹೇಗೆ ಎಂದು ಮೊದಲು ಯೋಚಿಸಿದವಳು ಕ್ಷೌರಿಕನ ಹೆಂಡತಿ. ಸೀದಾ ಬಂದು ಬಾಗಿಲು ತಳ್ಳಿದಳು. ಬಾರಿಗೆ ಬಾರೇ ಉಸಿರು ಬಿಗಿಹಿಡಿಯಿತು. ಅಮ್ಮ ಮಾತ್ರ, "ಬಾಮ್ಮ, ಎಷ್ಟು ದಿನದಿಂದ ಕಾಯ್ತಿದೀನಿ, ಈಗ ಬಂದ್ಯಾ?" ಎಂದು ಕುರ್ಚಿ ಎಳೆದು ಕೊಟ್ಟಳು. ಹೊರಡುವಾಗ ಅವಳೂ "ಬರ್ತೀನಿ ದೊಡ್ಡಮ್ಮ" ಅಂದಳು. ಅಲ್ಲಿಂದಾಚೆ ಅಮ್ಮನಿಗೆ ಬೇರೆ ಹೆಸರು ಉಳಿಯಲಿಲ್ಲ. ನೀರಿನ ಬಿಲ್ಲು ಕೊಡುವವನೂ ದೊಡ್ಡಮ್ಮ ಎಂದೇ ಕೂಗುತ್ತಿದ್ದ.

ಬಾರಿನಲ್ಲಿ ಅವಳದೊಂದು ಕಟ್ಟಳೆ ಇತ್ತು. ಒಬ್ಬೊಬ್ಬರೇ ಕೂತು ಕುಡಿಯುವಂತಿಲ್ಲ. ಯಾವನಾದರೂ ಮುಖ ಗಂಟು ಹಾಕಿಕೊಂಡು ಮೂಲೆ ಹಿಡಿದರೆ, ಅಮ್ಮ ಬಂದು ಅವನ ಗ್ಲಾಸನ್ನು ಎತ್ತಿಕೊಂಡು ಹೋಗಿ ಇನ್ನೊಬ್ಬನ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದಳು. ಗ್ಲಾಸು ಹೋದಲ್ಲಿಗೆ ಮನುಷ್ಯನೂ ಹೋಗಲೇಬೇಕಲ್ಲ. "ಒಬ್ನೇ ಕುಡಿಯೋ ಹಾಗಿದ್ರೆ ಮನೇಲೇ ಕುಡಿ. ಇಲ್ಲಿಗೆ ಬಂದ ಮೇಲೆ ಮಾತಾಡ್ಬೇಕು," ಎನ್ನುವಳು. ಹೆಂಡತಿ ಸತ್ತವನು, ಕೆಲಸ ಹೋದವನು, ಊರಿಗೆ ಹೊಸಬ, ಎಲ್ಲರ ಗ್ಲಾಸೂ ಹೀಗೆ ನಡೆದಾಡಿತ್ತು.

ಕ್ಷೌರಿಕನಿಗೂ ಕರೆಂಟಿನವನಿಗೂ ಮಾತು ಬಿಟ್ಟುಹೋದಾಗ ಅಮ್ಮ ಇಬ್ಬರ ಗ್ಲಾಸನ್ನೂ ಒಂದೇ ಮೇಜಿನ ಮೇಲೆ ಇಟ್ಟಳು. ಕರೆಂಟಿನವನು ಹಾಕಿಕೊಟ್ಟ ದೀಪದ ನಾಮಫಲಕ ಮೊದಲ ದಿನವೇ ಸುಟ್ಟು, ಕ್ಷೌರದಂಗಡಿಯ ಪರದೆಯನ್ನೂ ಸುಟ್ಟಿತ್ತು. ತಪ್ಪು ಯಾರದು ಎಂಬುದು ಇತ್ಯರ್ಥವಾಗಿರಲಿಲ್ಲ. ಇಬ್ಬರೂ ಅಮ್ಮನ ಮಾತು ಮೀರಲಿಲ್ಲ, ಮಾತೂ ಆಡಲಿಲ್ಲ. ಏನಿದ್ದರೂ ಅಮ್ಮನ ಮೂಲಕ. "ದೊಡ್ಡಮ್ಮ, ಇವನಿಗೆ ಕಾಲು ಆ ಕಡೆ ಇಟ್ಕೊಳ್ಳೋಕೆ ಹೇಳು." "ದೊಡ್ಡಮ್ಮ, ನನ್ನ ಕಾಲು ನಾನು ಎಲ್ಲಾದ್ರೂ ಇಟ್ಕೋತೀನಿ ಅಂತ ಹೇಳು." ಇಬ್ಬರೂ ಅಂಗೈಯಗಲದ ದೂರದಲ್ಲೇ ಕೂತಿರುತ್ತಿದ್ದರು. ಅಮ್ಮ ಗ್ಲಾಸು ಒರೆಸುತ್ತಾ, "ಕೇಳಿಸ್ತೇನಪ್ಪಾ?" ಎಂದಷ್ಟೇ ಹೇಳಿ ಕೆಲಸ ಮುಂದುವರಿಸುವಳು.

ಪುಟ್ಟಿ ಶಾಲೆ ಮುಗಿಸಿ ಬಂದು ಬಾಗಿಲ ಪಕ್ಕದ ಮೇಜಿನಲ್ಲಿ ಲೆಕ್ಕ ಮಾಡುತ್ತಿದ್ದಳು. ಬೀದಿಗೆ ಕಾಗದ ಹಂಚುತ್ತಿದ್ದ ಅಂಚೆಯಣ್ಣ ತಿದ್ದಿಕೊಡುವನು. ಅವನು ತಿದ್ದಿದ ಲೆಕ್ಕಗಳೆಲ್ಲ ತಪ್ಪಾಗಿರುತ್ತಿದ್ದವು. ಪುಟ್ಟಿ ಮೇಲೆ ಹೋಗಿ ಗುಟ್ಟಾಗಿ ಮತ್ತೆ ಸರಿಮಾಡಿಕೊಳ್ಳುವಳು. ಪುಟ್ಟಿ ಎಂಬ ಹೆಸರು ಇಟ್ಟವರೂ ಬಾರಿನ ಈ ಜನರೇ. ಐವತ್ತು ದಾಟಿದರೂ ಆ ಹೆಸರು ಅವಳನ್ನು ಬಿಟ್ಟಿಲ್ಲ.

* * *

ಬೀದಿಯ ನಡುವೆ ಉದ್ದಕ್ಕೂ ಗುಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ. ಪುಟ್ಟಿ ಅಂಗಡಿಗಳ ಗೋಡೆ ಹಿಡಿದುಕೊಂಡು ನಡೆದಳು. ಮುಂದಿನ ಮೂಲೆಯ ಕಡೆ ಅವಳು ಕಣ್ಣೆತ್ತಲಿಲ್ಲ. ಬಾರಿನ ಜಾಗದಲ್ಲಿ ಎದ್ದ ಕಟ್ಟಡದ ಕೆಳಗೆ ಕನ್ನಡಕದ ಅಂಗಡಿ ಬಂದಿದೆ ಎಂದು ಗೊತ್ತಿತ್ತು. ಗೊತ್ತಿದ್ದದ್ದೇ ಸಾಕಾಗಿತ್ತು.

ಕ್ಷೌರದಂಗಡಿ ಮಾತ್ರ ಇದ್ದಲ್ಲೇ ಇತ್ತು. ಬಾಗಿಲಲ್ಲಿ ನಿಂತು ಒಳಗೆ ಇಣುಕಿದ ಪುಟ್ಟಿಗೆ ಒಂದು ಕ್ಷಣ ಹಳೆಯ ಕಾಲದೊಳಕ್ಕೆ ಕಾಲಿಟ್ಟ ಹಾಗಾಯಿತು. ಗೋಡೆಗೆ ತಾಗಿಸಿ ಹಾಕಿದ್ದದ್ದು ಬಾರಿನ ಉದ್ದ ಬೆಂಚು. ಅದರ ಒಂದು ತುದಿಯಲ್ಲಿ ಅಂಚೆಯಣ್ಣ, ತಲೆ ಪೂರ್ತಿ ಬೆಳ್ಳಗೆ. ಇನ್ನೊಂದು ತುದಿಯಲ್ಲಿ ಕರೆಂಟಿನವನು, ಕಾಲು ಮೇಲೆ ಕಾಲು ಹಾಕಿಕೊಂಡು. ಅವನು ದಿನವೂ ಬಂದು ಇದೇ ಅಂಗಡಿಯಲ್ಲಿ ಕೂರುತ್ತಿದ್ದ, ಆದರೆ ತಲೆಗೂದಲು ಮಾತ್ರ ಛಲಕ್ಕೆ ಮುಂದಿನ ಬೀದಿಯಲ್ಲಿ ಕತ್ತರಿಸಿಕೊಳ್ಳುತ್ತಿದ್ದ. ಕ್ಷೌರಿಕ ಯಾರೋ ಅಪರಿಚಿತ ಗಿರಾಕಿಯ ಕೆನ್ನೆಗೆ ನೊರೆ ಬಳಿದು, ಒಂದು ಕಡೆ ಕೆರೆದು ಮುಗಿಸಿದ್ದ.

"ಓಹೋ, ಪುಟ್ಟಿ!" ಎಂದ ಅಂಚೆಯಣ್ಣ. "ಏನಮ್ಮ, ದಾರಿ ತಪ್ಪಿ ಬಂದ್ಯಾ?"

"ಬಾ ಬಾ, ಕೂತ್ಕೋ," ಎಂದ ಕ್ಷೌರಿಕ, ಕತ್ತಿ ನಿಲ್ಲಿಸದೆ. "ದೊಡ್ಡಮ್ಮ ಹೇಗಿದಾಳೆ? ಮೊಣಕಾಲು ಪರವಾಗಿಲ್ವಾ?"

ಪುಟ್ಟಿ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಕರಗಿತು. ಅವಳ ಕಣ್ಣು ಬೆಂಚಿನ ಮೇಲೆ ಹರಡಿದ್ದ ಪತ್ರಿಕೆಯ ಮೇಲೆ ಬಿತ್ತು. ಅದರ ಕೆಳಗಿನ ಮೂಲೆಯಲ್ಲಿ, ಕಪ್ಪು ಚೌಕಟ್ಟಿನೊಳಗೆ, ಅಮ್ಮನ ಚಿತ್ರ. ಚಿತ್ರದ ಮೇಲೆ ಅಂಚೆಯಣ್ಣನ ಚಹಾದ ಲೋಟ.

"ಪೇಪರ್ ಓದಲಿಲ್ವಾ ನೀವು?" ಎಂದಳು.

"ಓದದೆ ಏನು? ಸಾವಿನ ಸುದ್ದಿ ಮೊದಲು ಓದೋದೇ ನಾನು. ಈ ವಯಸ್ಸಿಗೆ ಅದೇ ಮುಖ್ಯ ಸಮಾಚಾರ," ಎಂದು ಅಂಚೆಯಣ್ಣ ನಕ್ಕ. "ಇವತ್ತು ಯಾರೋ ಒಬ್ಬಳು ವ್ಯಾಪಾರಸ್ಥೆ ಹೋಗಿದಾಳೆ, ಪಾಪ. ಇಲ್ಲೇ ಸಭಾಭವನದಲ್ಲಿ ಇಟ್ಟಿದಾರಂತೆ. ದೊಡ್ಡ ಜನ ಇರಬೇಕು, ಉದ್ದ ಹೆಸರು."

"ಆ ಲೋಟ ತೆಗಿ ಅಂಚೆಯಣ್ಣ."

"ಯಾಕಮ್ಮ?"

"ಅದು ಅಮ್ಮ."

ಕ್ಷೌರಿಕನ ಕತ್ತಿ ಗಿರಾಕಿಯ ಕಿವಿಯ ಹತ್ತಿರ ನಿಂತಿತು. ಅಂಚೆಯಣ್ಣ ಲೋಟ ಎತ್ತಿದ. ಕಾಗದದ ಮೇಲೆ ಬಿದ್ದಿದ್ದ ಒದ್ದೆ ಉಂಗುರವನ್ನು ಅಂಗಿಯ ತೋಳಿನಿಂದ ಒತ್ತಿ ಒತ್ತಿ ಒರೆಸಿದ. ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದ, ದೂರ ಹಿಡಿದ.

"ಇದು ದೊಡ್ಡಮ್ಮ ಅಲ್ಲ," ಎಂದ ಕರೆಂಟಿನವನು, ಎದ್ದು ಬಂದು ಬಗ್ಗಿ ನೋಡಿ. ಅವನ ದನಿಯಲ್ಲಿ ಜಗಳವಿತ್ತು. "ದೊಡ್ಡಮ್ಮ ಹೀಗಿಲ್ಲ. ಹೆಸರೂ ಬೇರೆ. ದೊಡ್ಡಮ್ಮನ ಹೆಸರು..." ಎಂದವನು ತಡವರಿಸಿ ನಿಂತ. "ದೊಡ್ಡಮ್ಮನ ಹೆಸರು ಏನು?"

ಯಾರಿಗೂ ಗೊತ್ತಿರಲಿಲ್ಲ. ಅವಳ ಗಲ್ಲಾದ ಮುಂದೆ ತಲೆ ನರೆಸಿಕೊಂಡ ಆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು.

"ಅವಳಿಗೆ ನಾನೇ ಕಾಗದ ತಂದು ಕೊಡ್ತಿದ್ದೆ," ಎಂದ ಅಂಚೆಯಣ್ಣ. "ನನ್ನ ಇಡೀ ಸರ್ವೀಸು ಈ ಬೀದೀಲೇ ಆಯ್ತು. ಒಂದು ದಿನ ಹೆಸರು ನೋಡಲಿಲ್ಲ ನಾನು. ಮೂಲೆ ಬಾಗಿಲು ಅಂತ ತಗೊಂಡು ಹೋಗಿ ಕೈಗೆ ಕೊಟ್ಟುಬಿಡ್ತಿದ್ದೆ. ಥೂ, ನಾನೂ ಒಬ್ಬ ಅಂಚೆಯವನು!"

ಪುಟ್ಟಿ ಬೆಂಚಿನ ಮೇಲೆ ಕುಸಿದಳು. ಮರೆತಿರಲಿಲ್ಲ. ಇವರು ಯಾರೂ ಮರೆತಿರಲಿಲ್ಲ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಅದರ ಜಾಗಕ್ಕೆ ಅಳು ನುಗ್ಗಿ ಬಂತು. ತಪ್ಪು ಮಾಡಿದವಳು ತಾನೇ. ಜಾಹೀರಾತು ಬರೆದುಕೊಟ್ಟವಳು ಅವಳು. 'ದೊಡ್ಡಮ್ಮ ಅಂತ ಒಂದು ಮಾತು ಸೇರಿಸೋಣವಾ?' ಎಂದು ಪತ್ರಿಕೆಯವನು ಕೇಳಿಯೂ ಕೇಳಿದ್ದ. ಬೇಡ ಎಂದಿದ್ದಳು. ಜೀವಮಾನವೆಲ್ಲ ಊರವರ ದೊಡ್ಡಮ್ಮನಾಗಿದ್ದಾಯಿತು. ಒಂದು ಸಲವಾದರೂ, ಹುಟ್ಟಿದಾಗ ಇಟ್ಟ ಹೆಸರು, ಪೂರ್ತಿ ಹೆಸರು, ಅವಳದೇ ಎನ್ನುವ ಹೆಸರು ಅಚ್ಚಾಗಲಿ ಎಂಬ ಆಸೆ. ಚಿತ್ರವೂ ಗುರುತಿನ ಚೀಟಿಗೆ ತೆಗೆಸಿದ್ದು, ಶಿಸ್ತಾಗಿ ತಲೆ ಬಾಚಿದ್ದು. ಅಷ್ಟು ಚೆಂದದ ಹೆಸರಿನಲ್ಲಿ, ಅಷ್ಟು ಶಿಸ್ತಿನ ಮುಖದಲ್ಲಿ, ಅಮ್ಮನನ್ನು ಅವಳ ಬೀದಿಯವರಿಂದಲೇ ಬಚ್ಚಿಟ್ಟಿದ್ದಳು.

ಪುಟ್ಟಿ ಮೂಗು ಒರೆಸಿಕೊಂಡಳು. "ಅಲ್ಲಿ ಹೆಗಲು ಕೊಡೋಕೆ ನಾಲ್ಕು ಜನ ಇಲ್ಲ. ಗಾಡಿ ಹೋಗಲ್ಲ. ಒಬ್ಳೇ ಮಲಗಿದಾಳೆ ಅಮ್ಮ."

"ಒಬ್ಳೇನಾ?" ಎಂದ ಕ್ಷೌರಿಕ. ಆ ಮಾತು ಅವನಿಗೆ ಚಾಟಿಯ ಹಾಗೆ ತಾಗಿತು. ಕತ್ತಿ ಮಡಚಿ ಜೇಬಿಗೆ ಹಾಕಿಕೊಂಡ, ಮುಂದೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಎಸೆದ. ಕುರ್ಚಿಯಲ್ಲಿದ್ದ ಗಿರಾಕಿ ಕನ್ನಡಿಯಲ್ಲಿ ತನ್ನ ಅರ್ಧ ಮುಖವನ್ನು ನೋಡಿಕೊಂಡು ಗಾಬರಿಯಾದ.

"ಸ್ವಾಮಿ, ನನ್ನ ಈ ಕಡೆ ಕೆನ್ನೆ?"

"ಬಂದು ಮಾಡ್ತೀನಿ. ಇಲ್ಲೇ ಇರ್ತೀರೋ, ಬರ್ತೀರೋ?"

ಗಿರಾಕಿ ಹೊರಗಿನ ಬೀದಿಯನ್ನು ನೋಡಿದ, ಕನ್ನಡಿಯನ್ನು ನೋಡಿದ, ಅಳುತ್ತಿದ್ದ ಪುಟ್ಟಿಯನ್ನು ನೋಡಿದ. ನೊರೆ ಒರೆಸಿಕೊಂಡು ಎದ್ದ. "ಬರ್ತೀನಿ ನಡೀರಿ. ನನ್ನ ಹೆಗಲು ಗಟ್ಟಿ ಇದೆ."

ಕರೆಂಟಿನವನು ಆಗಲೇ ಬೀದಿಗಿಳಿದಿದ್ದ. ಅವನ ಗಂಟಲು ಮೊದಲಿನಿಂದಲೂ ದೊಡ್ಡದು. "ದೊಡ್ಡಮ್ಮ ಹೋಗ್ಬಿಟ್ಲು! ಸಭಾಭವನದಲ್ಲಿದಾಳೆ, ದೊಡ್ಡಮ್ಮ!" ಎಂದು ಮೇಲಿನ ಕಿಟಕಿಗಳಿಗೆಲ್ಲ ಕೇಳುವಂತೆ ಕೂಗುತ್ತಾ ಹೊರಟ. ಮೊದಲು ಒಂದು ಕಿಟಕಿ ತೆರೆಯಿತು. ಆಮೇಲೆ ಅದರ ಪಕ್ಕದ್ದು. ಕ್ಷೌರಿಕನ ಹೆಂಡತಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದಳು.

* * *

ಬಾರಿನ ಕಟ್ಟಡವನ್ನು ಮಾಲೀಕರು ಮಾರಿದ ಸುದ್ದಿ ಬಂದಾಗ ಬೀದಿಯವರು ಅಮ್ಮನಿಗಿಂತ ಹೆಚ್ಚು ಕಂಗಾಲಾಗಿದ್ದರು. ಮನವಿ ಕೊಡೋಣ, ಅಡ್ಡ ಮಲಗೋಣ ಎಂದು ಕೂಗಾಡಿದರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಆಯ್ತು, ಅಡ್ಡ ಮಲಗಿ. ಆದ್ರೆ ಒಬ್ಬೊಬ್ರೇ ಮಲಗಬೇಡಿ," ಎಂದಳು. ಕೂಗಾಟ ನಗುವಿನಲ್ಲಿ ಮುಗಿಯಿತು.

ಕೊನೆಯ ದಿನ ಮಧ್ಯಾಹ್ನವೇ ಎಲ್ಲರೂ ಬಂದಿದ್ದರು. ಪುಟ್ಟಿ ಅಮ್ಮನನ್ನು ಕರೆದುಕೊಂಡು ಹೋಗಲು ಬಂದವಳು ಬಾಗಿಲಲ್ಲೇ ನಿಂತಳು. ಅಂಚೆಯಣ್ಣ ಗಲ್ಲಾದ ಹಿಂದೆ ನಿಂತಿದ್ದ. ಅಮ್ಮ ಈ ಕಡೆ, ಬೆಂಚಿನ ಮೇಲೆ, ಗಿರಾಕಿಯ ಹಾಗೆ ಕೂತಿದ್ದಳು. ಇವತ್ತು ನಾವು ನಿನಗೆ ಹಾಕಿಕೊಡುತ್ತೇವೆ ಎಂದು ಹಟ ಹಿಡಿದಿದ್ದರು. ಅಮ್ಮ ಅಷ್ಟು ವರ್ಷದಲ್ಲಿ ಒಂದು ಹನಿ ಮುಟ್ಟಿದವಳಲ್ಲ. ಅಂದು ಒಂದು ಗುಟುಕು ಕುಡಿದು, ಮುಖ ಕಿವುಚಿ, ಗ್ಲಾಸಿನೊಳಗೆ ನೋಡಿದಳು.

"ಇದನ್ನಾ ನೀವೆಲ್ಲ ಇಷ್ಟು ವರ್ಷ ಕುಡಿದದ್ದು?"

"ಹೂಂ ದೊಡ್ಡಮ್ಮ."

"ಇದಕ್ಕೋಸ್ಕರ ಬರ್ತಿದ್ರಾ?"

"ಇದಕ್ಕೆ ಯಾರು ಬರ್ತಿದ್ರು?" ಎಂದ ಕರೆಂಟಿನವನು. ಅದೊಂದು ಮಾತಿಗೆ ಕ್ಷೌರಿಕನೂ ತಲೆಯಾಡಿಸಿದ. ಅಮ್ಮ ಎದ್ದು ಹೋಗಿ, ಇದ್ದ ಗ್ಲಾಸುಗಳನ್ನೆಲ್ಲ ತೊಳೆದಿಟ್ಟಳು. ನಾಳೆ ಕೆಡವುವ ಕಟ್ಟಡದ ನೆಲವನ್ನೂ ಒರೆಸಿ, ಮಗಳ ಕೈ ಹಿಡಿದು ಬಸ್ಸಿಗೆ ನಡೆದಳು.

* * *

ಪೆಟ್ಟಿಗೆ ಸಭಾಭವನದ ಮೆಟ್ಟಿಲಿಳಿಯುವಾಗ ಅಣ್ಣ ಕನ್ನಡಕ ಒರೆಸುವುದನ್ನೂ ಮರೆತು ನಿಂತಿದ್ದ. ಒಳಗೆ ಮಡಚಿಟ್ಟ ಕುರ್ಚಿಗಳನ್ನೆಲ್ಲ ಮತ್ತೆ ಬಿಚ್ಚಿದರೂ ಸಾಲದೆ ಜನ ಅಂಗಳದಲ್ಲಿ ನಿಂತಿದ್ದರು. ಚಿಕ್ಕಮ್ಮ ಒಬ್ಬೊಬ್ಬರ ಕೈಯನ್ನೂ ಹಿಡಿದು, "ನೀನು ಯಾರ ಪೈಕಿ?" ಎಂದು ಕೇಳುತ್ತಿದ್ದಳು. ಎಲ್ಲರೂ "ದೊಡ್ಡಮ್ಮನ ಕಡೆಯವನು" ಎಂದೇ ಉತ್ತರ ಕೊಟ್ಟರು. ಕಿವಿ ಕೇಳದಿದ್ದರೂ ಅವಳಿಗೆ ಅದು ಅರ್ಥವಾದ ಹಾಗಿತ್ತು.

ಮುಂದಿನ ಹೆಗಲು ಕ್ಷೌರಿಕನದು ಮತ್ತು ಕರೆಂಟಿನವನದು. ಎತ್ತರ ಸರಿಹೊಂದುತ್ತಿದ್ದದ್ದು ಅವರಿಬ್ಬರಿಗೇ, ಬೇರೆ ದಾರಿಯಿರಲಿಲ್ಲ. ಹಿಂದೆ ಅರ್ಧ ಮುಖದ ಗಿರಾಕಿ ಮತ್ತು ಗಾಡಿಯವನು. ಅವನು ತನ್ನ ಕೆಲಸವಲ್ಲದಿದ್ದರೂ ಟೋಪಿ ತೆಗೆದಿಟ್ಟು ತಾನಾಗಿ ಬಂದಿದ್ದ. ಅಂಚೆಯಣ್ಣ ಹೊರಲಾರದೆ ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಒಂದು ಕೈ ಇಟ್ಟುಕೊಂಡು ನಡೆದ. ಪುಟ್ಟಿ ಮುಂದೆ, ಅಣ್ಣ ಅವಳ ಪಕ್ಕ.

ಗುಂಡಿಯಿಂದಾಗಿ ಮೆರವಣಿಗೆ ಅಂಗಡಿಗಳ ಗೋಡೆಗೆ ಒತ್ತಿಕೊಂಡೇ ಸಾಗಬೇಕಾಯಿತು.

"ದೊಡ್ಡಮ್ಮ, ಇವನಿಗೆ ಸ್ವಲ್ಪ ನಿಧಾನ ನಡೆಯೋಕೆ ಹೇಳು," ಎಂದ ಕ್ಷೌರಿಕ, ತಲೆಯ ಪಕ್ಕದ ಪೆಟ್ಟಿಗೆಯ ಹಲಗೆಗೆ.

"ದೊಡ್ಡಮ್ಮ, ನಿಧಾನವಾಗೇ ನಡೀತಿದೀನಿ, ಅವನ ಕಾಲೇ ಕುಂಟು ಅಂತ ಹೇಳು," ಎಂದ ಕರೆಂಟಿನವನು ಆ ಕಡೆಯಿಂದ. ಸ್ವಲ್ಪ ದೂರ ಇಬ್ಬರೂ ಕಾದರು. ಕೇಳಿಸ್ತೇನಪ್ಪಾ ಎಂದು ಕೇಳುವವರು ಯಾರೂ ಇರಲಿಲ್ಲ. ಕ್ಷೌರಿಕನ ಮುಖದ ಮೇಲೆ ನೀರು ಇಳಿಯತೊಡಗಿತು. ಕೈ ಬಿಡುವಂತಿಲ್ಲದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. "ನಿಧಾನ," ಎಂದ ಮತ್ತೆ, ಈ ಸಲ ನೇರವಾಗಿ. "ಹೂಂ," ಎಂದ ಕರೆಂಟಿನವನು.

ಮೂಲೆ ಬಂತು. ಪುಟ್ಟಿ ತಲೆ ತಗ್ಗಿಸಿ, ಸ್ಮಶಾನದ ದಾರಿ ಹಿಡಿದು ನೇರ ನಡೆದಳು. ಒಂದಷ್ಟು ಹೆಜ್ಜೆ ಹೋದ ಮೇಲೆ ಬೆನ್ನ ಹಿಂದೆ ಕಾಲುಗಳ ಸದ್ದು ಇಲ್ಲ ಅನ್ನಿಸಿ ತಿರುಗಿದಳು.

ಪೆಟ್ಟಿಗೆ ಅವಳ ಹಿಂದೆ ಬಂದಿರಲಿಲ್ಲ. ಗೋಡೆ ಹಿಡಿದು ಆ ಮೂಲೆಗೆ ಬಂದಾಗಲೆಲ್ಲ ಬಾರಿಗೆಂದು ಒಳಕ್ಕೆ ತಿರುಗಿ ತಿರುಗಿ ಪಳಗಿದ್ದ, ಮುಂದೆ ಹೊತ್ತಿದ್ದವರ ಕಾಲುಗಳು ಯಾರನ್ನೂ ಕೇಳದೆ ತಿರುಗಿಬಿಟ್ಟಿದ್ದವು. ಬಾರಿನ ಬಾಗಿಲಿದ್ದ ಕಡೆಯೇ ಕನ್ನಡಕದಂಗಡಿಯ ಗಾಜಿನ ಬಾಗಿಲಿತ್ತು. ಹತ್ತಿರ ಹೋದವರಿಗೆ ತಾನಾಗಿ ತೆರೆದುಕೊಳ್ಳುವ ಬಾಗಿಲು. ಅದು ಸುಯ್ಯೆಂದು ಎರಡು ಕಡೆಗೂ ಸರಿದು ದಾರಿ ಬಿಟ್ಟಿತ್ತು. ಅಮ್ಮ ಅರ್ಧ ಒಳಗಿದ್ದಳು.

"ಬನ್ನಿ, ನಮಸ್ಕಾರ," ಎಂದಳು ಒಳಗಿನ ಕೆಲಸದಾಕೆ, ಬಾಗಿಲು ತೆರೆದ ಸದ್ದಿಗೆ, ತಲೆಯೆತ್ತದೆ. ಎತ್ತಿದವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ! ಏನ್ರೀ ಇದು, ಎಲ್ಲಿಗೆ ನುಗ್ಗಿದ್ರಿ?" ಎಂದು ಅಣ್ಣ ಓಡಿ ಬಂದ. "ಹಿಂದಕ್ಕೆ ಬನ್ನಿ, ಹಿಂದಕ್ಕೆ!"

ಆಗಲೇ ಕ್ಷೌರಿಕನಿಗೆ ತಾನು ಎಲ್ಲಿದ್ದೇನೆಂದು ಗೊತ್ತಾಗಿದ್ದು. "ಪುಟ್ಟಿ, ತಪ್ಪಾಯ್ತಮ್ಮ," ಎಂದ. "ನಾನು ಬೇಕಂತ ಮಾಡಲಿಲ್ಲ. ಕಾಲು ತಾನೇ ಬಂದ್ಬಿಡ್ತು."

"ನಂದೂ," ಎಂದ ಕರೆಂಟಿನವನು.

ಹಿಂದೆ ಇದ್ದ ಜನ ಏನಾಯಿತೆಂದು ನೋಡಲು ಮುಂದಕ್ಕೆ ಒತ್ತುತ್ತಿದ್ದರು. ಅಣ್ಣ ತಂಗಿಯ ಮುಖ ನೋಡಿದ. ಅಮ್ಮ ಗಲ್ಲಾದ ಹಿಂದೆ ನಿಲ್ಲುತ್ತಿದ್ದ ಹಾಗೆಯೇ ಪುಟ್ಟಿ ಉಡುಪಿನ ತೋಳು ಮೇಲಕ್ಕೆ ಮಡಚಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯಾಕೆ ಹಿಂದಕ್ಕೆ?" ಎಂದಳು. "ಅರ್ಧ ಬಾಗಿಲಲ್ಲಿ ನಿಲ್ಲಿಸಬೇಡಿ ಅಮ್ಮನ್ನ. 'ಒಂದೋ ಒಳಗೆ ಬಾ, ಇಲ್ಲ ಹೊರಗೆ ಹೋಗು, ಗಾಳಿ ಬರುತ್ತೆ' ಅಂತ ಅವಳೇ ಬಯ್ತಿದ್ಲು. ಪೂರ್ತಿ ಒಳಗೆ ನಡೀರಿ."

"ಪುಟ್ಟಿ, ಇದು ಬೇರೆಯವರ ಅಂಗಡಿ ಕಣೇ..."

"ನೀನೂ ಬಾರೋ ಅಣ್ಣ. ಯಾಕೆ ಒಬ್ನೇ ನಿಂತಿದ್ದೀಯ?"

ಅವರು ಒಳಗೆ ಹೋದರು. ಹೆಗಲಿನ ಭಾರ ಇಳಿಸಲು ಜಾಗವಿರಲಿಲ್ಲ, ಇಳಿಸುವ ಮನಸ್ಸೂ ಯಾರಿಗೂ ಇರಲಿಲ್ಲ. ಹೊತ್ತುಕೊಂಡೇ ನಿಂತರು. ಅವರ ಬೆನ್ನಿಗೆ ಬೀದಿಯವರು ಬಂದರು. ಕ್ಷೌರಿಕನ ಹೆಂಡತಿ ಬಂದಳು, ಚಿಕ್ಕಮ್ಮ ಅತ್ತಿಗೆಯ ತೋಳು ಹಿಡಿದು ಬಂದಳು. ಅಂಚೆಯಣ್ಣ ಕನ್ನಡಕಗಳ ನಡುವೆ ಎದ್ದು ನಿಂತಿದ್ದ ಒಂದು ಕಂಬವನ್ನು ಅಂಗೈಯಿಂದ ಮುಟ್ಟಿ, "ಇಲ್ಲಿ ನಿಂತಿರ್ತಿದ್ಲು," ಎಂದ.

ಕೆಲಸದಾಕೆ ಚಿಕ್ಕ ವಯಸ್ಸಿನವಳು, ಇಂಥದ್ದಕ್ಕೆ ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದ ಒಂದು ಮಾತು ನಾಲಿಗೆಗೆ ಬಂತು. "ಎಲ್ಲ ಒಟ್ಟಿಗೇ ಬಂದಿದ್ದೀರಾ?"

"ಹೂಂ," ಎಂದಳು ಪುಟ್ಟಿ. "ಎಲ್ಲ ಒಟ್ಟಿಗೇ."

ಅಂಗಡಿಯ ಗೋಡೆಗಳ ತುಂಬ ಮುಖ ನೋಡಿಕೊಳ್ಳಲು ಕನ್ನಡಿಗಳಿದ್ದವು. ಒಂದೊಂದರಲ್ಲೂ ಪೆಟ್ಟಿಗೆ, ಪೆಟ್ಟಿಗೆಯ ಕೆಳಗೆ ಹೆಗಲುಗಳು, ಹೆಗಲುಗಳ ಸುತ್ತ ನರೆತ ತಲೆಗಳು, ಅವುಗಳ ಹಿಂದಿನ ಕನ್ನಡಿಯಲ್ಲಿ ಇನ್ನಷ್ಟು ತಲೆಗಳು, ಕೂರಲು ಜಾಗ ಸಿಗದೆ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತ ಜನ. ಹೊರಗಿನಿಂದ ಮತ್ತೂ ಬರುತ್ತಿದ್ದರು. ಗಾಜಿನ ಬಾಗಿಲು ಮುಚ್ಚಿಕೊಳ್ಳಲು ಹೊರಟು ಅರ್ಧಕ್ಕೆ ನಿಂತು ಸರಿಯಿತು. ಮತ್ತೆ ಮುಚ್ಚಲು ನೋಡಿತು, ಮತ್ತೆ ಯಾರೋ ಒಳಗೆ ಬಂದರು.